ಮೈಎಸ್‌ಕ್ಯೂಎಲ್‌ನಲ್ಲಿ ಕನ್ನಡ ಸೇರಿಸಿದರೆ 1366 ಎರರ್ ಬರುವುದೇಕೆ?

ಮೈಎಸ್‌ಕ್ಯೂಎಲ್ ಎಂಬ ಡೇಟಾಬೇಸ್ ತಂತ್ರಾಂಶದಲ್ಲಿ 1366 ಎರರ್ ಜೊತೆ 'ಇನ್‌ಕರೆಕ್ಟ್ ಸ್ಟ್ರಿಂಗ್ ವ್ಯಾಲ್ಯೂ' ಎಂದು ಬಂದಾಗ ನಾವು ಟೈಪ್ ಮಾಡಿದ್ದೇ ತಪ್ಪು ಅನ್ನಿಸುತ್ತದೆ. ನಿಮ್ಮ ಕನ್ನಡ ಸರಿಯಾಗಿಯೇ ಇದೆ, ಅದನ್ನು ಹಿಡಿಸಿಕೊಳ್ಳಲು ಟೇಬಲ್‌ನ ಕಾಲಂಗೆ ಆಗುತ್ತಿಲ್ಲ, ಅಷ್ಟೇ.

ಮೆಸೇಜನ್ನು ಪೂರ್ತಿ ಓದಿ. ಅದರಲ್ಲಿ ಕಾಲಂ ಹೆಸರಿರುತ್ತದೆ, ತಕರಾರಾದ ಬೈಟ್‌ಗಳೂ ಇರುತ್ತವೆ. ಇ0 ಬಿ2 95 ಎಂದಿದ್ದರೆ ಅದು 'ಕ' ಅಕ್ಷರ. ಎಲ್ಲ ಭಾಷೆಗಳ ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಕೋಡ್‌ಗೆ (ಅಕ್ಷರ ಅಥವಾ ಕಾಗುಣಿತದ ಗುರುತು) 3 ಬೈಟ್ ಬೇಕು. ಕಾಲಂನ ಕ್ಯಾರೆಕ್ಟರ್ ಸೆಟ್ (ಅದು ಹಿಡಿಯಬಲ್ಲ ಅಕ್ಷರಗಳ ಪಟ್ಟಿ) ಲ್ಯಾಟಿನ್1, ಅಂದರೆ ಪಶ್ಚಿಮ ಯೂರೋಪಿನ ಭಾಷೆಗಳದ್ದು, ಆಗಿದ್ದರೆ ಅದರಲ್ಲಿ ಕನ್ನಡಕ್ಕೆ ಜಾಗವೇ ಇಲ್ಲ. ಮೈಎಸ್‌ಕ್ಯೂಎಲ್ 5.7ನೇ ಆವೃತ್ತಿಯವರೆಗೂ ಅದೇ ಡೀಫಾಲ್ಟ್, 8.0ರಿಂದ ಯುಟಿಎಫ್8ಎಂಬಿ4 (ಅಕ್ಷರಕ್ಕೆ 4 ಬೈಟ್‌ವರೆಗೂ ಕೊಡುವ ಸೆಟ್). ಬೈಟ್‌ಗಳು ಎಫ್0ಯಿಂದ ಶುರುವಾದರೆ ಅದು ಬಹುತೇಕ ಎಮೋಜಿ. ಅದಕ್ಕೆ 4 ಬೈಟ್ ಬೇಕು, ಮೈಎಸ್‌ಕ್ಯೂಎಲ್‌ನ ಹಳೆಯ 'ಯುಟಿಎಫ್8' ಸೆಟ್ ಕೊಡುವುದು ಮೂರೇ.

'ಶೋ ಕ್ರಿಯೇಟ್ ಟೇಬಲ್' ಕೊಟ್ಟು ಕ್ಯಾರೆಕ್ಟರ್ ಸೆಟ್ ನೋಡಿ. ಬ್ಯಾಕಪ್ ತೆಗೆದುಕೊಂಡು, 'ಆಲ್ಟರ್ ಟೇಬಲ್ … ಕನ್ವರ್ಟ್ ಟು ಕ್ಯಾರೆಕ್ಟರ್ ಸೆಟ್ ಯುಟಿಎಫ್8ಎಂಬಿ4' ಓಡಿಸಿ. ಡೇಟಾಬೇಸ್‌ನ ಡೀಫಾಲ್ಟ್ ಮಾತ್ರ ಬದಲಿಸಿದರೆ ಇರುವ ಟೇಬಲ್‌ಗಳು ಹಾಗೇ ಉಳಿಯುತ್ತವೆ. ಎಷ್ಟೋ ಜನ ಎಡವುವುದು ಇಲ್ಲೇ. ಅಪ್ಲಿಕೇಶನ್‌ನ ಕನೆಕ್ಷನ್ ಕೂಡ ಯುಟಿಎಫ್8ಎಂಬಿ4 ಆಗಿರಬೇಕು.

ಹಳೆಯ ಸಾಲುಗಳು 'à²•' ಥರ ಕಾಣುತ್ತಿದ್ದರೆ ತಡೆಯಿರಿ. ಕನ್ನಡದ ಬೈಟ್‌ಗಳೇ ಲ್ಯಾಟಿನ್1 ಹೆಸರಲ್ಲಿ ಕೂತಿವೆ ಎಂದರ್ಥ. ನೇರ ಕನ್ವರ್ಟ್ ಮಾಡಿದರೆ ಆ ಕಲಸುಮೇಲೋಗರವೇ ಖಾಯಂ ಆಗುತ್ತದೆ. ಆ ಕಾಲಂ ಅನ್ನು ಮೊದಲು ಬ್ಲಾಬ್‌ಗೆ (ಬೈಟ್‌ಗಳನ್ನು ಇದ್ದಂತೆಯೇ ಇಡುವ ಬಗೆ), ಆಮೇಲೆ ಯುಟಿಎಫ್8ಎಂಬಿ4 ಟೆಕ್ಸ್ಟ್‌ಗೆ ಬದಲಿಸಿ.

ಸ್ಟ್ರಿಕ್ಟ್ ಮೋಡ್ (ತಪ್ಪು ಡೇಟಾ ಬಂದರೆ ಎರರ್ ಕೊಟ್ಟು ತಡೆಯುವ ಸೆಟ್ಟಿಂಗ್) ಆಫ್ ಮಾಡಿ ಎಂಬ ಸಲಹೆಯನ್ನು ದಯವಿಟ್ಟು ಕೇಳಬೇಡಿ. ಎರರ್ ಹೋಗುತ್ತದೆ, ಆದರೆ ಅಕ್ಷರಗಳ ಜಾಗದಲ್ಲಿ '????' ಸೇವ್ ಆಗುತ್ತದೆ, ಮತ್ತೆ ಕನ್ನಡ ವಾಪಸ್ ಬರುವುದಿಲ್ಲ.