ಹಳೇ ಅಂಬಾಸಿಡರ್ ಇಂಜಿನ್‌ಗೆ ಪಿಸಿವಿ ವಾಲ್ವ್ ಹಾಕಿಸಿದರೆ ಆಯಿಲ್ ಸೋರೋದು ನಿಲ್ಲುತ್ತಾ?

ಸರ್, ಪಿಸಿವಿ ಅಂದರೆ ಇಂಜಿನ್ ಒಳಗಿನ ಹೊಗೆಯನ್ನು ಎಳೆದು ಮತ್ತೆ ಸುಡಲು ಕಳಿಸುವ ವಾಲ್ವ್. ನಾನೂ ಇದೇ ಆಸೆಯಿಂದ ಹಾಕಿಸಿದೆ. ಸೋರೋದು ನಿಲ್ಲಲಿಲ್ಲ, ಬೇರಿಂಗ್ ಹೋಯಿತು.

ನಮ್ಮದು ಅಪ್ಪನ ಕಾಲದ ಮಾರ್ಕ್ 2, 1489 ಸಿಸಿ ಪೆಟ್ರೋಲ್. ಇಂಜಿನ್ ಪಕ್ಕದ ಟ್ಯಾಪೆಟ್ ಕವರಿಂದ ಹೊಗೆ ಹೊರಗೆ ಬಿಡುವ ಬ್ರೀದರ್ ಪೈಪ್ ಕೆಳಗೆ ಇಳಿದಿರುತ್ತಲ್ಲ, ಗಾಡಿ ಓಡುವಾಗ ಬೀಸುವ ಗಾಳಿಯೇ ಅದರಿಂದ ಒಳಗಿನ ಹೊಗೆ ಎಳೆಯಬೇಕು. ಮಂಡ್ಯ ರೋಡಲ್ಲಿ ಏನೂ ತೊಂದರೆ ಇರಲಿಲ್ಲ. ಚಾಮುಂಡಿ ಬೆಟ್ಟವನ್ನು ಎರಡನೇ ಗೇರಲ್ಲಿ ಹತ್ತುವಾಗ ಮಾತ್ರ ಸುಟ್ಟ ಆಯಿಲ್ ವಾಸನೆ ಒಳಗೇ ತುಂಬಿ ಅಮ್ಮನಿಗೆ ತಲೆ ಸುತ್ತುತ್ತಿತ್ತು. ಅದಕ್ಕೇ ಪೈಪ್ ತೆಗೆಸಿ, ಆ ಜಾಗದಿಂದ ಇನ್‌ಟೇಕ್ ಮ್ಯಾನಿಫೋಲ್ಡ್‌ಗೆ (ಗಾಳಿ-ಪೆಟ್ರೋಲ್ ಇಂಜಿನ್ನಿಗೆ ಹೋಗುವ ಕೊಳವೆ) ಹೋಸ್ ಎಳೆದು ನಡುವೆ ವಾಲ್ವ್ ಕೂರಿಸಿದೆವು. ಅಲ್ಲೀತನಕ ಎಲ್ಲ ಸರಿಯಾಗೇ ಇತ್ತು.

ಕೆಟ್ಟದ್ದು ಆಯಿಲ್ ಹಾಕುವ ಮುಚ್ಚಳದಿಂದ. ಹಳೇ ಮುಚ್ಚಳದಲ್ಲಿ ಗಾಳಿ ಆಡಲು ತೂತು, ಒಳಗೆ ತಂತಿ ಬಲೆ ಇತ್ತು. ಜಿಡ್ಡು ಜಿಡ್ಡಾಗಿದೆ ಅಂತ ಅದನ್ನು ಬಿಸಾಕಿ, ರಬ್ಬರ್ ವಾಷರ್ ಇರುವ ಗಟ್ಟಿ ಮುಚ್ಚಳ ಬಿಗಿದೆ. ಮೆಕ್ಯಾನಿಕ್ ಹೇಳಿದ್ದಲ್ಲ, ನಾನೇ ಮಾಡಿದ್ದು. ವಾಲ್ವ್ ಹೊಗೆ ಎಳೆಯಬೇಕಾದರೆ ಇನ್ನೊಂದು ಕಡೆಯಿಂದ ಹೊಸ ಗಾಳಿ ಬರಬೇಕು. ಬಾಗಿಲು ಕಿಟಕಿ ಮುಚ್ಚಿದ ಅಡುಗೆಮನೆಯಲ್ಲಿ ಎಕ್ಸಾಸ್ಟ್ ಫ್ಯಾನ್ ಹಾಕಿದರೆ ಏನು ಹೊರಗೆ ಹೋಗುತ್ತೆ? ಮೇಲಿನ ದಾರಿ ಮುಚ್ಚಿದ್ದಕ್ಕೆ ಇಂಜಿನ್ ಹಿಂದಿನಿಂದ ಉಸಿರೆಳೆಯಿತು. ಈ ಇಂಜಿನ್ನಿನಲ್ಲಿ ತಿರುಗುವ ಮುಖ್ಯ ದಂಡ, ಅಂದರೆ ಕ್ರ್ಯಾಂಕ್ ಹಿಂದೆ ರಬ್ಬರ್ ಸೀಲ್ ಇಲ್ಲ, ಆಯಿಲನ್ನು ವಾಪಸ್ ತಳ್ಳುವ ಸುರುಳಿ ಗೆರೆ ಅಷ್ಟೆ. ಕ್ಲಚ್ ಧೂಳೆಲ್ಲ ಅಲ್ಲಿಂದ ಒಳಗೆ. ಮೇಲೆ ಗಾಳಿಯಾಡದೆ ನೀರಿನ ಆವಿ ಅಲ್ಲೇ ಕೂತಿತು.

ಐಡಲಿಂಗ್‌ನಲ್ಲಿ ಒಂದು ದಿನ ಮುಚ್ಚಳ ತಿರುಗಿಸಿದೆ, ಕೈಗೆ ಬರಲೇ ಇಲ್ಲ. ಜೋರಾಗಿ ಎಳೆದಾಗ ಉಸ್ ಅಂತ ಶಬ್ದ. ಒಳಗಡೆ ಬೆರಳಾಡಿಸಿದರೆ ಬೆಣ್ಣೆ ಥರ ಹಳದಿ ಕೆನೆ. ಆಗಲೇ ನಿಲ್ಲಿಸಬೇಕಿತ್ತು, ಮಳೆಗಾಲದ ತೇವ ಅಂದುಕೊಂಡು ಇನ್ನೂ ಎರಡು ತಿಂಗಳು ಓಡಿಸಿದೆ. ಕೊನೆಗೆ ಶ್ರೀರಂಗಪಟ್ಟಣದ ಹತ್ತಿರ ಆಯಿಲ್ ಪ್ರೆಷರ್ ಬಿದ್ದು ಕೆಳಗಿಂದ ಕಟಕಟ ಸದ್ದು. ಇಂಜಿನ್ ಇಳಿಸಿ ಕ್ರ್ಯಾಂಕ್ ಗ್ರೈಂಡಿಂಗ್, ಹೊಸ ಬೇರಿಂಗ್ ಎಲ್ಲ ಮಾಡಿಸಬೇಕಾಯಿತು.

ಸೋರೋದಕ್ಕೆ ಇದು ಔಷಧಿ ಅಲ್ಲ ಸರ್. ಮೊದಲು ಕಂಪ್ರೆಷನ್, ಅಂದರೆ ಸಿಲಿಂಡರ್ ಒಳಗಿನ ಒತ್ತಡ ನೋಡಿಸಿ. ಪಿಸ್ಟನ್ ಸುತ್ತ ಇರುವ ರಿಂಗ್ ಸವೆದಿದ್ದರೆ ಕೆಳಗಿಳಿಯುವ ಹೊಗೆಗೆ ಯಾವ ವಾಲ್ವೂ ಸಾಲದು. ರಿಂಗ್ ಚೆನ್ನಾಗಿದ್ದರೆ ಧೈರ್ಯವಾಗಿ ಹಾಕಿಸಿ, ವಾಸನೆ ಹೋಗುತ್ತೆ, ಆಯಿಲ್ ಬೇಗ ಕೆಡಲ್ಲ. ಒರಿಜಿನಾಲಿಟಿ ಹಾಳಾಗುತ್ತೆ ಅನ್ನೋ ಚಿಂತೆ ನನಗೆ ಒಪ್ಪಿಗೆಯಿಲ್ಲ, ಎರಡನೇ ಮಹಾಯುದ್ಧದ ವಿಲ್ಲಿಸ್ ಜೀಪಲ್ಲೇ ಈ ವಾಲ್ವ್ ಇತ್ತು. ಹೋಸ್ ಹೊರಡುವ ಕಡೆ ಆಯಿಲ್ ಹನಿ ತಡೆಯುವ ಬಲೆಯ ಡಬ್ಬಿ ಇರಲಿ, ಆಮೇಲೆ ಕಾರ್ಬೊರೇಟರ್ ಐಡಲ್ ಮತ್ತೆ ಸೆಟ್ ಮಾಡಿಸಿ. ಗಾಳಿ ಬರುವ ಮುಚ್ಚಳವನ್ನು ಮಾತ್ರ ಮುಟ್ಟಬೇಡಿ, ಪೆಟ್ರೋಲಲ್ಲಿ ತೊಳೆದು ಹಾಕಿದರೆ ಸಾಕು.

ಮುಗಿದ ಮೇಲೆ ಇಂಜಿನ್ ಐಡಲಲ್ಲಿ ಬಿಟ್ಟು, ಮುಚ್ಚಳ ತೆಗೆದು ಆ ಬಾಯಿಗೆ ಒಂದು ದಪ್ಪ ಕಾಗದ ಇಡಿ. ಮೆಲ್ಲಗೆ ಅಂಟಿಕೊಂಡರೆ ಸರಿ. ಹಾರಿದರೆ ರಿಂಗ್ ನೋಡಿಸಿ. ತೆಗೆದ ಬ್ರೀದರ್ ಪೈಪನ್ನು ಗುಜರಿಗೆ ಹಾಕಬೇಡಿ, ಬಟ್ಟೆ ಸುತ್ತಿ ಡಿಕ್ಕಿಯಲ್ಲೇ ಇಟ್ಟಿರಿ.