ವೆಬ್‌ಸೈಟ್ ಆಮೇಲೆ, ಮೊದಲು ಪ್ಯಾಕೆಟ್ ನೋಡಿ

ಮನೆಯಲ್ಲೇ ಬ್ಯಾಡಗಿ ಖಾರದ ಪುಡಿ ಮಾಡುತ್ತೀರಿ, ಆನ್‌ಲೈನ್ ಮಾರಲು ಮೊದಲೇ ವೆಬ್‌ಸೈಟ್ ಬೇಕಾ ಎಂದು ಕೇಳಿದ್ದೀರಿ ಅಲ್ವಾ? ಈಗಲೇ ಬೇಡ. ನಾನು ಹಾವೇರಿಯಿಂದ ಶೇಂಗಾ ಚಟ್ನಿ ಮಾರುತ್ತೇನೆ. ವೆಬ್‌ಸೈಟಿಗೆ ದುಡ್ಡು ಸುರಿದೆ, ಆರ್ಡರ್ ಬಂದದ್ದೆಲ್ಲ ವಾಟ್ಸ್‌ಆಪ್‌ಗೆ. ವಾಟ್ಸ್‌ಆಪ್ ಬಿಸಿನೆಸ್‌ನಲ್ಲಿ ಕ್ಯಾಟಲಾಗ್ ಉಚಿತ, ಹಣಕ್ಕೆ ಯುಪಿಐ ಸಾಕು.

ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತೆ ನೋಡಿಕೊಳ್ಳುವ ಕೇಂದ್ರ ಸಂಸ್ಥೆ) ನೋಂದಣಿ ಮಾತ್ರ ಮೊದಲೇ ಮಾಡಿಸಿ. ಅದರ 14 ಅಂಕಿಯ ಸಂಖ್ಯೆ, ತೂಕ, ತಯಾರಿಸಿದ ದಿನ ಎಲ್ಲ ಪ್ಯಾಕೆಟ್ ಮೇಲೆ ಇರಲಿ. ಜಿಎಸ್‌ಟಿ ವಿಷಯ: ಸರಕು ಕರ್ನಾಟಕದೊಳಗೇ ಹೋಗುವುದಾದರೆ, ನೀವೇ ನೇರವಾಗಿ ಮಾರಿದರೆ, ವರ್ಷಕ್ಕೆ 40 ಲಕ್ಷ ರೂಪಾಯಿ ವಹಿವಾಟಿನವರೆಗೆ ಚಿಂತೆಯಿಲ್ಲ. ಪುಣೆಗೋ ಹೈದರಾಬಾದಿಗೋ ಕಳಿಸಿದರೆ, ವ್ಯಾಪಾರ ಎಷ್ಟೇ ಚಿಕ್ಕದಿರಲಿ, ಜಿಎಸ್‌ಟಿ ನೋಂದಣಿ ಬೇಕೇ ಬೇಕು.

ಇನ್ನು ಫೋಟೋ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲೇ ಜಿಐ (ಊರಿನ ಹೆಸರಿನ ವಿಶೇಷ ಬೆಳೆ ಎಂಬ ಸರ್ಕಾರಿ ಗುರುತು) ಸಿಕ್ಕಿದೆ. ಜನ ಕೇಳುವುದು ಅದರ ಬಣ್ಣ, ಖಾರ ಕಡಿಮೆಯೇ. ಹಾಗಾಗಿ ಫಿಲ್ಟರ್ ಹಾಕಬೇಡಿ. ಬೆಳಗಿನ ಬೆಳಕಿನಲ್ಲಿ, ಪಕ್ಕದಲ್ಲಿ ಸುಕ್ಕುಸುಕ್ಕಾದ ಇಡೀ ಕಾಯಿ ಇಟ್ಟು ತೆಗೆಯಿರಿ. ಬೆಳಕು ತಾಗಿದರೆ ಪುಡಿಯ ಬಣ್ಣ ಮಾಸುತ್ತದೆ, ಪಾರದರ್ಶಕ ಕವರ್ ಬೇಡ. ಒಂದು ಪ್ಯಾಕೆಟ್ ನಿಮ್ಮದೇ ವಿಳಾಸಕ್ಕೆ ಅಂಚೆಯಲ್ಲಿ ಕಳಿಸಿ. ಅದು ಹೇಗೆ ಬಂದು ಮುಟ್ಟುತ್ತದೆ ನೋಡಿ, ಆಮೇಲೆ ಆರ್ಡರ್ ತೆಗೆದುಕೊಳ್ಳಿ.