ಓದುಗರ ಪ್ರಶ್ನೆ: ಜವಳಿ ಅಂಗಡಿಯ ‘ಚಿಕ್ಕ ಯಜಮಾನರು’

ಪ್ರಶ್ನೆ: ಹಾಸನದ ಜವಳಿ ಅಂಗಡಿಯೊಂದರ ಸೀರೆ ವಿಭಾಗದಲ್ಲಿ 22 ವರ್ಷಗಳಿಂದ ಕೆಲಸದಲ್ಲಿದ್ದೇನೆ. ಮಗಳು ಮೊಬೈಲಿನಲ್ಲಿ ‘ಆರ್ ಯೂ ಬೀಯಿಂಗ್ ಸರ್ವ್ಡ್?’ ಎಂಬ ಹಳೆಯ ಬ್ರಿಟಿಷ್ ಹಾಸ್ಯ ಧಾರಾವಾಹಿಯನ್ನು ತೋರಿಸಿದಳು. ಅದರಲ್ಲಿ ಗಿರಾಕಿ ಎದುರಿಗೇ ನಿಂತಿದ್ದರೂ, ಕೋಟಿಗೆ ಹೂ ಸಿಕ್ಕಿಸಿಕೊಂಡ ಮೇಲ್ವಿಚಾರಕರು ಬಂದು ವಿಚಾರಿಸಿ, ಮತ್ತೊಬ್ಬರಿಗೆ ಒಪ್ಪಿಸಿದ ಮೇಲೆಯೇ ವ್ಯಾಪಾರ. ನಿಜವಾಗಿಯೂ ಹೀಗಿತ್ತೇ, ಅಥವಾ ನಗಿಸಲು ಕಟ್ಟಿದ್ದೇ?
– ಓದುಗರೊಬ್ಬರು, ಹಾಸನ

ಉತ್ತರ: ಬಹುಪಾಲು ಕಣ್ಣಾರೆ ಕಂಡದ್ದು, ಉಳಿದದ್ದು ಉಬ್ಬಿಸಿದ್ದು. ಡೇವಿಡ್ ಕ್ರಾಫ್ಟ್ ಅವರೊಂದಿಗೆ ಇದನ್ನು ಬರೆದ ಜೆರೆಮಿ ಲಾಯ್ಡ್, ತಾರುಣ್ಯದಲ್ಲಿ ಲಂಡನ್ನಿನ ಪಿಕಡಿಲಿಯಲ್ಲಿದ್ದ ಸಿಂಪ್ಸನ್ಸ್ ಮಳಿಗೆಯಲ್ಲಿ ಬಟ್ಟೆ ಮಾರಿದವರು. ನೀವು ಹೇಳುವ ಹೂವಿನ ಕೋಟಿನ ಕ್ಯಾಪ್ಟನ್ ಪೀಕಾಕ್ ‘ಫ್ಲೋರ್ ವಾಕರ್’. ಅಂಗಡಿಯ ಮಹಡಿಯಲ್ಲಿ ಅಡ್ಡಾಡುತ್ತ ಗಿರಾಕಿಗಳನ್ನು ಎದುರುಗೊಂಡು ಸರಿಯಾದ ಕೌಂಟರಿಗೆ ಕಳುಹಿಸುವ ಈ ಹುದ್ದೆ ಅಲ್ಲಿನ ದೊಡ್ಡ ಮಳಿಗೆಗಳಲ್ಲಿ ನಿಜಕ್ಕೂ ಇತ್ತು. ಎದುರಿಗೇ ಟೇಪು ಕೊರಳಿಗೆ ಹಾಕಿಕೊಂಡು ಸುಮ್ಮನೆ ನಿಂತವರನ್ನು ‘ಮಿಸ್ಟರ್ ಹಂಫ್ರೀಸ್, ತಮಗೆ ಬಿಡುವಿದೆಯೇ?’ ಎಂದು ಕೇಳುವುದು, ಅವರು ಅತ್ತಿತ್ತ ನೋಡಿ ‘ಐ ಆಮ್ ಫ್ರೀ!’ ಎಂದು ರಾಗವಾಗಿ ಕೂಗುವುದು, ಇಷ್ಟರಲ್ಲೇ ಆ ಧಾರಾವಾಹಿಯ ಅರ್ಧ ಹಾಸ್ಯವಿದೆ.

ನಿಮ್ಮ ಅಂಗಡಿಯಲ್ಲಿ ‘ಬನ್ನಿ ಅಕ್ಕಾ, ಏನು ತೋರಿಸಲಿ?’ ಎಂದರೆ ಮುಗಿಯಿತು; ಬಂದವರು ಕೂತುಕೊಳ್ಳುವಷ್ಟರಲ್ಲಿ ನಾಲ್ಕು ಸೀರೆ ಬಿಚ್ಚಿ ಹರಡಿರುತ್ತೀರಿ. ಅಲ್ಲಿ ಒಂದೇ ಮಹಡಿಯಲ್ಲಿ ದಿನವಿಡೀ ಮುಖ ನೋಡಿಕೊಳ್ಳುವವರೂ ಒಬ್ಬರನ್ನೊಬ್ಬರು ಮಿಸ್ಟರ್, ಮಿಸೆಸ್, ಮಿಸ್ ಎಂದೇ ಕರೆಯಬೇಕು. ಆದರೆ ಮಾರುವ ವಿದ್ಯೆಯಲ್ಲಿ ಭೇದವೇನೂ ಇಲ್ಲ. ತೋಳು ಉದ್ದವಾಯಿತೆಂದು ಗಿರಾಕಿ ಕೈ ಎತ್ತಿ ತೋರಿಸಿದರೆ ಅವರು ‘ತೊಡುತ್ತಾ ತೊಡುತ್ತಾ ಮೇಲಕ್ಕೇರುತ್ತದೆ’ ಎನ್ನುತ್ತಾರೆ. ನಮ್ಮವರು ‘ಎರಡು ಒಗೆತ ಬೀಳಲಿ ಅಣ್ಣಾ, ಸರಿಹೋಗುತ್ತದೆ’ ಎನ್ನುತ್ತಾರೆ. ನೀವೂ ಎಂದಾದರೂ ಅಂದಿರಬಹುದು, ನಾನು ಕೇಳುವುದಿಲ್ಲ.

ನನಗೆ ಎಲ್ಲಕ್ಕಿಂತ ನಮ್ಮದೆನಿಸಿದ್ದು ಗ್ರೇಸ್ ಬ್ರದರ್ಸ್ ಎಂಬ ಆ ಅಂಗಡಿಯ ಮಾಲೀಕರ ಹೆಸರು. ನಡೆಯಲೂ ಆಗದ ಹಣ್ಣು ಹಣ್ಣು ಮುದುಕರಾದರೂ ಅವರು ‘ಯಂಗ್ ಮಿಸ್ಟರ್ ಗ್ರೇಸ್’. ಅಣ್ಣ ಇರುವ ತನಕ ಎಂಬತ್ತು ದಾಟಿದರೂ ‘ಚಿಕ್ಕ ಯಜಮಾನರು’ ಎನಿಸಿಕೊಳ್ಳುವ ಸಾಹುಕಾರರನ್ನು ಕಂಡ ಹಾಸನದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸಿಬ್ಬಂದಿಯ ಪಾಡು ಏನೇ ಇರಲಿ, ಅವರು ಬಂದು ‘ಎಲ್ಲರೂ ಬಹಳ ಚೆನ್ನಾಗಿ ಮಾಡಿದ್ದೀರಿ’ ಎಂದು ಹೇಳಿ ಹೊರಟುಬಿಡುತ್ತಾರೆ. ಹಾಸನಾಂಬೆಯ ಬಾಗಿಲು ತೆರೆದ ದಿನಗಳ ಜನಜಂಗುಳಿಯಲ್ಲಿ ರಾತ್ರಿಯವರೆಗೆ ನಿಂತೇ ಸೀರೆ ಮಡಿಸಿದವರಿಗೆ ಗಲ್ಲಾಪೆಟ್ಟಿಗೆಯ ಕಡೆಯಿಂದ ಅಂಥ ಮಾತೊಂದೇ ಬಂದರೆ ಹೇಗಿರುತ್ತದೆಂಬುದು ನಿಮಗೆ ಗೊತ್ತು.

ಪ್ರಶ್ನೆ: ಇದನ್ನು ಮನೆಮಂದಿಯೆಲ್ಲ ಕೂತು ನೋಡಬಹುದೇ? ಎಲ್ಲಿಂದ ಆರಂಭಿಸಬೇಕು?
– ಓದುಗರೊಬ್ಬರು, ಚಿಕ್ಕಮಗಳೂರು

ಉತ್ತರ: ಮಕ್ಕಳು ಅರ್ಥ ಕೇಳಿದರೆ ತೊಡಕಾಗುತ್ತದೆ. ಪ್ರತಿ ಸಲವೂ ಬೇರೆ ಬಣ್ಣದ ಕೂದಲಿನೊಂದಿಗೆ ಬರುವ, ಹೆಂಗಸರ ವಿಭಾಗದ ಮಿಸೆಸ್ ಸ್ಲೋಕೂಮ್ ತಮ್ಮ ಬೆಕ್ಕಿನ ಬಗ್ಗೆ ಆಡುವ ದ್ವಂದ್ವಾರ್ಥದ ಮಾತು ಮೊದಲ ಸಲ ನಗಿಸುತ್ತದೆ, ಹತ್ತನೆಯ ಸಲ ಸಾಕೆನಿಸುತ್ತದೆ. ಜಾನ್ ಇನ್ಮನ್ ನಟಿಸಿದ ಹಂಫ್ರೀಸ್ ಪಾತ್ರದ ಹೆಣ್ಣಿಗತನವನ್ನು ನಗೆಯ ವಸ್ತು ಮಾಡಿದ್ದಕ್ಕೆ ಅಲ್ಲಿಯೇ, ಆಗಲೇ ಆಕ್ಷೇಪ ಬಂದಿತ್ತು. ಆ ಆಕ್ಷೇಪದಲ್ಲಿ ಹುರುಳಿದೆ, ಆದರೂ ನಟನೆಯ ಹದ ದೊಡ್ಡದು.

1985ರವರೆಗೆ ಬಿಬಿಸಿಯಲ್ಲಿ ಒಟ್ಟು 69 ಕಂತುಗಳು ಬಂದಿವೆ. 1972ರ ಸೆಪ್ಟೆಂಬರಿನ ಪ್ರಾಯೋಗಿಕ ಕಂತಿನಿಂದಲೇ ಆರಂಭಿಸಿ. ಮ್ಯೂನಿಕ್ ಒಲಿಂಪಿಕ್ಸಿನ ಹತ್ಯಾಕಾಂಡದಿಂದ ಕ್ರೀಡಾ ಪ್ರಸಾರ ಏರುಪೇರಾಗಿ ತೆರವಾದ ಹೊತ್ತನ್ನು ತುಂಬಲು ಅದನ್ನು ತೋರಿಸಲಾಯಿತು. ಗಂಡಸರ ಸಿದ್ಧ ಉಡುಪಿನ ಮಹಡಿಗೆ ಹೆಂಗಸರ ಒಳಉಡುಪಿನ ವಿಭಾಗವೂ ಬಂದು ಸೇರಿದಾಗ ಜಾಗಕ್ಕಾಗಿ ಶುರುವಾಗುವ ಜಗಳವೇ ಅದರ ಕಥೆ.